ಫ್ಯಾಮಿಲಿಗೆ ಮಾತ್ರ ಬಾಡಿಗೆಗಿದೆ

ಮಗಳಿಗೆ ಯಲಹಂಕದ ಆಚೆಗಿರುವ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ ಸುದ್ದಿ ಬಂದಾಗ ನಾನು ಹಾಸನದ ನಮ್ಮ ಅಡುಗೆಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅವಳು ಓಡಿಬಂದು ನನ್ನ ಅಂಟು ಕೈಯನ್ನೇ ಹಿಡಿದುಕೊಂಡು ಎರಡು ಸುತ್ತು ತಿರುಗಿಸಿದಳು. ಊರಿನ ಕಾಲೇಜಿನಲ್ಲಿ ಗಣಿತದ ಮೊದಲ ವರ್ಷ ಮುಗಿಸಿ, ಅಲ್ಲಿಂದ ನೇರವಾಗಿ ಎರಡನೇ ವರ್ಷಕ್ಕೆ ಬೇರೆ ಕಡೆ ಸೇರಬೇಕೆಂದು ಅವಳೇ ಅರ್ಜಿ ಹಾಕಿ, ಪರೀಕ್ಷೆ ಬರೆದು, ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಹಾಗೆ ನಡುವೆ ಬಂದು ಸೇರಲು ಅಲ್ಲಿ ಬಿಡುವುದು ಬೆರಳೆಣಿಕೆಯ ಮಂದಿಯನ್ನು ಮಾತ್ರ. ಫೀಸಿನ ಬಹುಪಾಲು ಮಾಫಿ ಎಂದೂ ಬರೆದಿದ್ದರು. ನನ್ನ ಗಂಡ ಕನ್ನಡಕದ ಅಂಗಡಿಯನ್ನು ಅರ್ಧಕ್ಕೇ ಮುಚ್ಚಿ ಮೈಸೂರುಪಾಕು ಹಿಡಿದು ಬಂದರು. ಸೀಟು ಸಿಕ್ಕಿದ ವಿಷಯವನ್ನು ಗಿರಾಕಿಗಳಿಗೆಲ್ಲ ಹೇಳಿ, ಒಬ್ಬರಿಗೆ ತಪ್ಪು ಫ್ರೇಮು ಕೊಟ್ಟು ಕಳಿಸಿದ್ದರಂತೆ.

ಸಂತೋಷ ಒಂದು ದಿನ ಪೂರ್ತಿ ಇತ್ತು. ಮರುದಿನ ಇನ್ನೊಂದು ಪತ್ರ ಬಂತು. ಹಾಸ್ಟೆಲ್ಲಿನ ಕೋಣೆಗಳು ಮೊದಲ ವರ್ಷಕ್ಕೇ ಸೇರಿದವರಿಂದ ತುಂಬಿವೆ, ವರ್ಗವಾಗಿ ಬರುವವರು ಹೊರಗೆ ವ್ಯವಸ್ಥೆ ಮಾಡಿಕೊಳ್ಳಬೇಕು ಎಂದು ಅದರಲ್ಲಿ ಬಹಳ ವಿನಯದಿಂದ ತಿಳಿಸಿದ್ದರು.

ಚಿಕ್ಕಬಾಣಾವರದಲ್ಲಿ ನನ್ನ ದೊಡ್ಡಮ್ಮನ ಮಗಳ ಮನೆಯಿದೆ; ಎರಡೇ ಕೋಣೆ, ಆಗಲೇ ಆರು ಜನ. ಹಾಸನದ ರೈಲಿಗೆ ಬಂದು ಅಲ್ಲಿ ಇಳಿದುಕೊಂಡು ನಾನು, ಮಗಳು ಮೂರು ದಿನ ಮನೆ ಹುಡುಕಿದೆವು. ವಿಶ್ವವಿದ್ಯಾಲಯದ ಎದುರಿನ ಪಿಜಿಯಲ್ಲಿ ಒಂದು ಕೋಣೆಗೆ ನಾಲ್ಕು ಮಂಚ, ಕಿಟಕಿ ತೆಗೆದರೆ ಪಕ್ಕದ ಪಿಜಿಯ ಕಿಟಕಿ. ನಮ್ಮ ಅಂಗಡಿಯ ಬಾಡಿಗೆಗಿಂತ ಅಲ್ಲಿನ ಒಂದು ಮಂಚದ ಬಾಡಿಗೆ ಹೆಚ್ಚಿತ್ತು. ಎರಡು ದಿನ ವಿದ್ಯಾರಣ್ಯಪುರದ ಮರದ ನೆರಳಿನ ಬೀದಿಗಳಲ್ಲಿ, ಸಂಜಯನಗರದ ಅಡ್ಡರಸ್ತೆಗಳಲ್ಲಿ ಸುತ್ತಿದೆವು. ಗೇಟಿಗೆ ಕಟ್ಟಿದ ಬೋರ್ಡುಗಳಲ್ಲೆಲ್ಲ ಒಂದೇ ಒಕ್ಕಣೆ: ಫ್ಯಾಮಿಲಿಗೆ ಮಾತ್ರ. ಒಬ್ಬರು ಹಿರಿಯರು ಗೇಟಿನ ಒಳಗೇ ನಿಂತು, “ಒಬ್ಬಳು ಹುಡುಗಿ ಅಂದ್ರೆ ಫ್ಯಾಮಿಲಿ ಹೇಗಾಗತ್ತೆ ಮೇಡಂ, ನೀವೇ ಹೇಳಿ?” ಎಂದು ನಿಜಕ್ಕೂ ಉತ್ತರ ಬೇಕೆಂಬಂತೆ ಕೇಳಿದರು. ಮಗಳ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಅವಳು ಕುಂಟುವುದನ್ನು ನನಗೆ ತೋರಿಸಬಾರದೆಂದು ಬೇಕೆಂದೇ ಬೇಗ ಬೇಗ ನಡೆಯುತ್ತಿದ್ದಳು.

ಮೂರನೇ ದಿನ ಸಂಜೆ ಹಳೇ ಯಲಹಂಕದ ಒಂದು ಮನೆಯ ಮುಂದೆ ನಿಂತೆವು. ಕೆಳಗೆ ಮನೆಯೊಡತಿ, ಮಹಡಿಯ ಮೇಲೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡಂತೆ ಶೀಟು ಹೊದಿಸಿದ ಅಡುಗೆ ಕಟ್ಟೆ. ಹೊರಗಿನಿಂದ ಹತ್ತಲು ಕಬ್ಬಿಣದ ಮೆಟ್ಟಿಲು. ಬಾಡಿಗೆ ನಮ್ಮ ಕೈಗೆಟುಕುವಷ್ಟಿತ್ತು. ಒಡತಿ ಜಗಲಿಯ ಮೇಲೆ ಕಾಲು ನೀಡಿಕೊಂಡು ಸೊಪ್ಪು ಬಿಡಿಸುತ್ತಿದ್ದರು. ಯಲಹಂಕ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ.

“ಯಾರ್ಗವ್ವಾ ಮನೆ?”

“ನನ್ನ ಮಗಳಿಗಮ್ಮ. ಇಲ್ಲೇ ಯೂನಿವರ್ಸಿಟಿಲಿ ಓದ್ತಾಳೆ.”

“ಒಬ್ಳೇನಾ? ಓದೋ ಉಡ್ಗೀರ್ಗೆ ಕೊಡಲ್ಲ ಕಣವ್ವ. ಬೋರ್ಡ್ ನೋಡ್ಲಿಲ್ವಾ? ಓದಿರೋಳಂಗೆ ಕಾಣ್ತೀಯ!”

ಮಗಳು ತಿರುಗಿ ಹೊರಟೇಬಿಟ್ಟಳು. ಅವಳ ಹಿಮ್ಮಡಿಯ ಗುಳ್ಳೆ ಒಡೆದು ಚಪ್ಪಲಿಯ ಪಟ್ಟಿ ಒದ್ದೆಯಾಗಿದ್ದು ಕಾಣಿಸಿತು. “ನಾನೂ ಇರ್ತೀನಿ,” ಎಂದೆ. ಹೇಳಬೇಕೆಂದು ಯೋಚಿಸಿರಲಿಲ್ಲ. ಅಂಥ ಮಾತನ್ನು ಗಂಡನನ್ನು ಕೇಳದೆ ಆಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

“ನೀನೂ ಇರ್ತೀಯಾ? ಅಂಗಂದ್ರೆ ಫ್ಯಾಮಿಲಿ ಆಯ್ತಲ್ಲ! ಮೊದ್ಲೇ ಏಳ್ಬಾರ್ದಾ?” ಎಂದು ಆಕೆ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಬೀಗದ ಕೈ ತರಲು ಎದ್ದರು.

ನಮ್ಮ ಲೆಕ್ಕಾಚಾರ ಸರಳವಾಗಿತ್ತು. ಹದಿನೈದು ದಿನ ಇರುವುದು, ಆಕೆಗೆ ನಮ್ಮ ಮೇಲೆ ನಂಬಿಕೆ ಬಂದಮೇಲೆ ಮೆಲ್ಲಗೆ ಊರಿಗೆ ಹೊರಟುಬಿಡುವುದು, ಆಗಾಗ ಬಂದುಹೋಗುವುದು. “ಹದಿನೈದು ದಿನ ತಾನೆ? ನಾನೇನು ಅನ್ನ ಇಟ್ಕೊಳಲ್ವಾ?” ಎಂದು ಗಂಡ ಫೋನಿನಲ್ಲಿ ಧೈರ್ಯ ತುಂಬಿದರು. ಮೂರನೇ ದಿನಕ್ಕೇ ಫೋನು ಬಂತು: “ಕುಕ್ಕರ್ ಕೂಗ್ತಾನೇ ಇಲ್ಲ ಕಣೇ. ಎಷ್ಟೊತ್ತು ಕಾಯ್ಬೇಕು?” ವೆಯ್ಟ್ ಹಾಕಿದ್ದೀರಾ ಎಂದು ಕೇಳಿದೆ. ಆ ಕಡೆಯಿಂದ ಪಾತ್ರೆಗಳ ನಡುವೆ ತಡಕಾಡುವ ಸದ್ದು ಕೇಳಿಸಿತು.

ತಪ್ಪು ಮಾಡಿದ್ದು ನಾನೇ, ಅದೂ ಮೊದಲ ವಾರದಲ್ಲಿ. ನಾನು ಹತ್ತು ವರ್ಷ ಓದಿದ್ದು ಕಾನ್ವೆಂಟಿನಲ್ಲಿ; ಮನೆ ಸೇರಿದ ದಿನವೇ ಒಡತಿಗೂ ಅದನ್ನು ಹೇಳಿದ್ದೆ. ಸಿಸ್ಟರುಗಳು ಕಲಿಸಿದ ಬೀಜಗಣಿತ ಮರೆತುಹೋಗಿದೆ. ದೊಡ್ಡವರು ಬಗ್ಗುವ ಮೊದಲೇ ನಾವು ಬಗ್ಗಿರಬೇಕು ಎಂಬುದು ಮಾತ್ರ ಮೈಗೇ ಹತ್ತಿಬಿಟ್ಟಿದೆ. ಯಾರ ಕೈಯಿಂದಲಾದರೂ ಪೆನ್ಸಿಲ್ ಬಿದ್ದರೆ ಇಂದಿಗೂ ನನ್ನ ಬೆನ್ನು ತಾನಾಗಿ ಬಾಗುತ್ತದೆ. ಒಂದು ಬೆಳಿಗ್ಗೆ ಹಾಲು ತರಲು ಇಳಿದಾಗ ಒಡತಿ ಮೊಣಕಾಲು ಹಿಡಿದುಕೊಂಡು, ಗೋಡೆಗೆ ಇನ್ನೊಂದು ಕೈ ಊರಿ, ಗೇಟಿನ ಮುಂದೆ ನಾಲ್ಕು ಗೆರೆ ಎಳೆಯಲು ಒದ್ದಾಡುತ್ತಿದ್ದರು. “ಕೊಡೀಮ್ಮ, ನಾನು ಹಾಕ್ತೀನಿ,” ಎಂದು ರಂಗೋಲಿ ಡಬ್ಬಿ ಇಸಿದುಕೊಂಡೆ. ಅವರನ್ನು ಮೆಚ್ಚಿಸಬೇಕೆಂಬ ಆಸೆಯೂ ಇತ್ತು, ಸುಳ್ಳೇಕೆ? ಹದಿಮೂರು ಚುಕ್ಕಿಯ ತಾವರೆ ಹಾಕಿದೆ. ಎದುರುಮನೆಯವರು ಬಂದು ನಿಂತು ನೋಡಿದರು.

“ನೋಡ್ರೇ, ನಮ್ ಮ್ಯಾಲಿನ್ ಮನೆ ಕಾನ್ವೆಂಟಮ್ಮ ಆಕಿರೋದು!” ಎಂದು ಒಡತಿ ಇಡೀ ಬೀದಿಗೆ ಕೇಳುವಂತೆ ಹೇಳಿದರು. ಆ ದಿನದಿಂದ ನಾನು ಕಾನ್ವೆಂಟಮ್ಮ. ಮರುದಿನ ಡಬ್ಬಿ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ನನಗಾಗಿ ಕಾದಿತ್ತು. ಅದರ ಮರುದಿನವೂ ಕಾದಿತ್ತು.

ನಾನಿದ್ದೇನೆ ಎಂಬುದಕ್ಕೆ ಪ್ರತಿ ಬೆಳಿಗ್ಗೆ ಗೇಟಿನ ಮುಂದೆ, ಬೀದಿಗೆಲ್ಲ ಕಾಣುವಂತೆ, ನಾನೇ ಸಾಕ್ಷಿ ಬರೆದಿಡಲು ಒಪ್ಪಿಕೊಂಡಿದ್ದೇನೆ ಎಂದು ಹೊಳೆದಾಗ ಹದಿನೈದು ದಿನ ಕಳೆದಿತ್ತು. ಹೊರಡುವ ಮಾತು ಬಾಯಿಗೆ ಬರಲಿಲ್ಲ. ಇನ್ನೊಂದು ವಾರ, ಗಣೇಶನ ಹಬ್ಬ ಕಳೆಯಲಿ, ಅವಳ ಮೊದಲ ಟೆಸ್ಟ್ ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಎಂಟೂಕಾಲಕ್ಕೆ ಮಗಳು ಹೋದರೆ ಆ ಕೋಣೆಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಗುಡಿಸಿದರೆ ಹನ್ನೆರಡು ಸಲ ಪೊರಕೆ ಆಡಿಸುವಷ್ಟು ನೆಲ. ಒಂದು ಮಂಚ ಅವಳಿಗೆ, ಒಂದು ಚಾಪೆ ನನಗೆ, ಒಂದು ಮಡಚುವ ಮೇಜು. ಕಿಟಕಿಯಲ್ಲಿ ಪಕ್ಕದ ಮನೆಯ ಗೋಡೆ; ಅದರಲ್ಲಿ ಯಾವಾಗಲೋ ಕೊರೆದು ಮುಚ್ಚದೆ ಬಿಟ್ಟ ಒಂದು ತೂತು; ಆ ತೂತಿಗೆ ಗುಬ್ಬಿಯ ಗಾತ್ರದ ಒಂದು ಹಕ್ಕಿ ನಾರು ತುರುಕುತ್ತಿತ್ತು. ಹನ್ನೊಂದರ ಹೊತ್ತಿಗೆ ವಾಯುನೆಲೆಯಿಂದ ತರಬೇತಿಯ ವಿಮಾನಗಳು ಏಳುತ್ತಿದ್ದವು. ಸದ್ದು ಬರುವ ಮೊದಲೇ ಕಟ್ಟೆಯ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನಾನು ಎರಡು ಲೋಟಗಳ ನಡುವೆ ಮಸಿಬಟ್ಟೆ ತೂರಿಸಿ ಇಟ್ಟೆ. ಆಮೇಲೆ ಅದನ್ನೂ ತೆಗೆದುಬಿಟ್ಟೆ. ಇಡೀ ದಿನದಲ್ಲಿ ಕೋಣೆಯ ಒಳಗೇ ಹುಟ್ಟುತ್ತಿದ್ದ ಸದ್ದು ಅದೊಂದೇ.

ಇಳಿದು ಹೋಗಿ ಬರೋಣವೆಂದರೆ ಆ ಮೆಟ್ಟಿಲು. ಎಷ್ಟು ಮೆತ್ತಗೆ ಕಾಲಿಟ್ಟರೂ ಗಂಟೆ ಹೊಡೆದಂತೆ ಕೇಳುತ್ತಿತ್ತು. ಎರಡನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಕೆಳಗಿನಿಂದ, “ಎಲ್ಲಿಗ್ ಒಂಟೆ ಕಾನ್ವೆಂಟಮ್ಮಾ?” ಎಂಬ ದನಿ. ಸೊಪ್ಪಿಗೆ ಎಂದರೆ, “ಇಲ್ಲೇ ಐತೆ, ತಗಂಡೋಗು.” ಮಾತ್ರೆಗೆ ಎಂದರೆ, “ಯಾಕೆ, ಏನಾಯ್ತು?” ಎಲ್ಲವೂ ಅಕ್ಕರೆಯ ಮಾತೇ. ಬೈದಿದ್ದರೆ ಎದುರಾಡುವುದನ್ನು ಕಲಿಯುತ್ತಿದ್ದೆನೋ ಏನೋ. ಸೊಪ್ಪು ಕೊಟ್ಟು, ಉಪ್ಪಿನಕಾಯಿ ಕೊಟ್ಟು, ಕೂತ್ಕೋ ಎಂದು ಮಣೆ ಹಾಕುವವರ ಎದುರು ಏನೆಂದು ಆಡುವುದು?

ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಒಡತಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ನಾನು ಒಂದು ಸೀರೆಯನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು, ಕಳ್ಳಿಯ ಹಾಗೆ ಇಳಿದು, ಯಶವಂತಪುರಕ್ಕೆ ಬಸ್ಸು ಹಿಡಿದು ಹಾಸನದ ರೈಲು ಹತ್ತಿದೆ. ಶನಿವಾರದ ರಂಗೋಲಿ ತಾನು ಹಾಕುತ್ತೇನೆಂದು ಮಗಳು ಮಾತು ಕೊಟ್ಟಿದ್ದಳು. ಪಾಪ, ರಾತ್ರಿಯೆಲ್ಲ ಓದಿ ಬೆಳಿಗ್ಗೆ ಎಚ್ಚರವಾಗಲಿಲ್ಲ.

ನಾನು ನನ್ನದೇ ಒಲೆಯ ಮುಂದೆ, ನನ್ನದೇ ಫಿಲ್ಟರಿನ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ನಿಂತಿದ್ದಾಗ ಫೋನು ಹೊಡೆದುಕೊಂಡಿತು.

“ಎಲ್ಲಿದ್ದೀಯವ್ವಾ?”

ನಾನು ಒಲೆ ಆರಿಸಿದೆ.

“ಬಾಗ್ಲು ಬೋಳಾಗೈತೆ ಅಂತ ಎದ್ರುಮನೆಯೋಳು ಬಂದು ಕೇಳ್ತಾಳೆ. ನಿಂಗ್ ಮೈಗುಸಾರಿಲ್ವೇನೋ ಅಂತ ಮೆಣ್ಸಿನ್ ಸಾರು ಕಾಸ್ಕಂಡು, ಈ ಮೊಣಕಾಲ್ ಇಡ್ಕಂಡು, ಆ ಮೆಟ್ಲು ಅತ್ತಿ ಬಂದೆ ನಾನು. ನಿನ್ ಮಗ್ಳು ಕಣ್ಣುಜ್ಜಿಕಂಡು ಬಾಗ್ಲು ತೆಗದ್ಲು. ನಿನ್ ಚಾಪೆ ಸುತ್ತಿಟ್ಟಂಗೇ ಐತೆ.”

“ಊರಿಗೆ ಬಂದಿದೀನಮ್ಮ. ಹೇಳದೆ ಬಂದಿದ್ದು ತಪ್ಪಾಯ್ತು.”

“ಅಲ್ಲಿಗೆ ನಿನ್ ಉಡ್ಗಿ ಒಬ್ಳೇ ರಾತ್ರಿಯೆಲ್ಲ ಇದ್ಲು ಅಂತಾಯ್ತು. ನೋಡು, ನಾಳೆ ಬೆಳಿಗ್ಗೆ ಬಾಗ್ಲಲ್ಲಿ ರಂಗೋಲಿ ಇರ್ಬೇಕು. ಇಲ್ಲಾಂದ್ರೆ ತಾಯಿ ಮಗ್ಳು ಇಬ್ರೂ ಸಾಮಾನು ಕಟ್ಕಳಿ.” ಕೋಪಕ್ಕಿಂತ ಹೆಚ್ಚಾಗಿ ಆ ದನಿಯಲ್ಲಿ ನೋವಿತ್ತು. ಬಂದಿದ್ದು ಶುಕ್ರವಾರ ಸಂಜೆ, ಹೊರಟಿದ್ದು ಶನಿವಾರ ಮಧ್ಯಾಹ್ನ. ರೈಲಿನ ಕಿಟಕಿಯ ಹತ್ತಿರ ನಿಂತು ಗಂಡ ಕಾಫಿಪುಡಿಯ ಪೊಟ್ಟಣ ಕೊಟ್ಟರು. “ಅಂಗಡಿ ಮುಂದೆ ಬೋರ್ಡ್ ಹಾಕಿಸ್ಲೇನೇ, ಹೆಂಡತಿನ ಬಾಡಿಗೆಗೆ ಕೊಟ್ಟಿದೆ ಅಂತ?” ಎಂದರು. ನಾವಿಬ್ಬರೂ ನಕ್ಕೆವು. ರೈಲು ಹೊರಟ ಮೇಲೂ ಅವರು ಪ್ಲಾಟ್‌ಫಾರ್ಮಿನಲ್ಲಿ ನಗುತ್ತಲೇ ನಿಂತಿದ್ದರು, ಕೈ ಎತ್ತುವುದನ್ನೂ ಮರೆತು.

ಆಮೇಲೆ ಮೂರು ತಿಂಗಳು ನಾನು ಬೀದಿಯ ಕೊನೆಯ ಅಂಗಡಿಯನ್ನು ದಾಟಿ ಹೋದದ್ದು ಕಡಿಮೆ. ಮಗಳು ಮಾತ್ರ ತಡವಾಗಿ, ಇನ್ನೂ ತಡವಾಗಿ ಬರತೊಡಗಿದಳು. ಒಂದು ಸಂಜೆ ಅವಳು ಬಂದಾಗ ಎಂಟೂಮುಕ್ಕಾಲು. ನಾನು ತಟ್ಟೆ ಮುಂದೆ ಮಾಡಿ, “ಇಷ್ಟು ಹೊತ್ತಾ?” ಎಂದೆ. ಅಷ್ಟೇ ಅಂದದ್ದು. ಅವಳು ಬ್ಯಾಗನ್ನು ಮಂಚದ ಮೇಲೆ ಎಸೆದಳು.

“ದಿನಾ ಇದೇ ಕೇಳ್ತೀಯಲ್ಲಮ್ಮ! ಕ್ಲಾಸಲ್ಲಿ ಏನಂತಾರೆ ಗೊತ್ತಾ? ‘ಮಗಾ, ಇವಳದ್ದು ಮಮ್ಮಿ ಪಿಜಿ ಕಣೋ, ಮೂರು ಹೊತ್ತು ಊಟ, ನಾಲ್ಕು ಹೊತ್ತು ಪ್ರಶ್ನೆ’ ಅಂತಾರೆ.”

“ನಾನಿಲ್ಲಿರೋದು ನಿನಗೋಸ್ಕರ ಅಲ್ವೇನೇ?”

“ಗೊತ್ತು! ಅದೇ ಕಷ್ಟ! ಮನೆ ಬಿಟ್ಟು ಬರ್ಬೇಕು ಅಂತ ಪರೀಕ್ಷೆ ಬರ್ದೆ ನಾನು. ಮನೇನೇ ಟ್ರೈನ್ ಹತ್ಕೊಂಡು ನನ್ ಹಿಂದೆ ಬಂದ್ಬಿಡ್ತು.”

ಹೇಳಿದ ಮೇಲೆ ಅವಳ ಮುಖವೇ ಬಿಳಿಚಿಕೊಂಡಿತು. ಸಾರಿ ಅಮ್ಮ ಎಂದಳು. ಮೊದಲು ಊಟ ಮಾಡು ಎಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಉಂಡಳು, ನಾನು ಒಲೆಯ ಕಡೆ ಮುಖ ಮಾಡಿ ಪಾತ್ರೆ ತೊಳೆದೆ. ಅವಳಾಡಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಆ ಹನ್ನೆರಡು ಪೊರಕೆಯ ನೆಲದಲ್ಲಿ ಸಿಕ್ಕಿಹಾಕಿಕೊಂಡದ್ದು ನಾನೊಬ್ಬಳೇ ಎಂದು ಅಷ್ಟು ದಿನ ಅಂದುಕೊಂಡಿದ್ದೆ.

ಮರುದಿನ ಅವಳು ಹೋದ ಮೇಲೆ ಇಳಿದು ಒಡತಿಯ ಜಗಲಿಯಲ್ಲಿ ಕೂತೆ. ನಾನು ಊರಿಗೆ ಹೋಗಬೇಕು, ಮಗಳು ಒಬ್ಬಳೇ ಇರಲು ಬಿಡಿ, ಇಲ್ಲವಾದರೆ ಬೇರೆ ಕಡೆ ಮನೆ ಮಾಡುವ ಶಕ್ತಿ ನಮಗಿಲ್ಲ, ಅವಳು ಓದು ಬಿಟ್ಟು ವಾಪಸು ಬರಬೇಕಾಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಕೇಳಿಸಿಕೊಂಡರು.

“ಮುಂಚೆ ಮೂರು ಉಡ್ಗೀರಿದ್ರು ಕಣವ್ವ ಮ್ಯಾಲೆ. ಒಳ್ಳೇವ್ರೇ. ಆದ್ರೆ ಬೀದಿಯೋರ ಬಾಯಿ? ಅನ್ನಿಸ್ಕಂಡೋಳು ನಾನು. ಗಂಡ ಇಲ್ದೋಳ ಮನೇಲಿ ಇಂಗೆ ಅಂಗೆ ಅಂದ್ರು. ಅದ್ಕೇ ಬೋರ್ಡ್ ಬರ್ಸಿದ್ದು.” ಸ್ವಲ್ಪ ಹೊತ್ತು ಮೊರ ಆಡಿಸಿ, “ಒಂದ್ ಮಾತ್ ಏಳ್ಲಾ? ನೀನು ಓಗು. ಉಡ್ಗಿ ಓದೋದು ಮ್ಯಾಲೆ ಓದ್ಲಿ, ಮಲಗೋದು ಕೆಳಗೆ ನನ್ ಜೊತೆ. ಊಟ ನಂದೇ. ಸಂಜೆ ಆರೂವರೆಗೆ ಗೇಟೊಳಗಿರ್ಬೇಕು, ಅಷ್ಟೇಯ. ನನ್ ಮೊಮ್ಮಗ್ಳಂಗೆ ನೋಡ್ಕಂತೀನಿ,” ಎಂದರು.

ನಾನು ಮೆಟ್ಟಿಲು ಹತ್ತಿದ್ದೇ ತಿಳಿಯಲಿಲ್ಲ. ಯಾವ ಪಾತ್ರೆ ಇಲ್ಲಿ ಬಿಡುವುದು, ಯಾವುದನ್ನು ತೆಗೆದುಕೊಂಡು ಹೋಗುವುದು ಎಂದು ಬೇರೆ ಬೇರೆ ಮಾಡಿ ಜೋಡಿಸಿಯೂ ಬಿಟ್ಟೆ. ಊರಿನ ಅಡುಗೆಮನೆಯ ಹಂಚಿನ ಸಂದಿನ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದೆಲ್ಲ ಕಣ್ಣಿಗೆ ಬಂತು.

ಸಂಜೆ ಐದೂವರೆಗೆ ಮಗಳ ಫೋನು. ಮೇಜಿನ ಮೇಲೆ ಪೆನ್‌ಡ್ರೈವ್ ಬಿಟ್ಟುಬಂದಿದ್ದಳು. ಅಂದೇ ಒಪ್ಪಿಸಬೇಕಾದ ಕೆಲಸ ಅದರಲ್ಲಿತ್ತು. “ಗೇಟಲ್ಲಿ ಕೊಟ್ರೆ ಸಾಕಮ್ಮ, ಸೆಕ್ಯೂರಿಟಿಯವರ ಹತ್ರ.” ನಿನ್ನೆಯ ಮಾತಿನ ಮುಜುಗರ ಅವಳ ದನಿಯಲ್ಲಿ ಇನ್ನೂ ಇತ್ತು. ನಾನು ಬಸ್ಸು ಹಿಡಿದು ಹೋದೆ. ಐದು ತಿಂಗಳಲ್ಲಿ ಆ ಗೇಟನ್ನು ನಾನು ನೋಡಿದ್ದು ಎರಡನೇ ಸಲ.

ಪೆನ್‌ಡ್ರೈವ್ ಇಸಿದುಕೊಂಡ ಕಾವಲಿನವರು ಮಗಳ ಹೆಸರು ಕೇಳಿ, “ಗಣಿತದ ಮೇಡಮ್ಮಾ? ಅಲ್ಲೇ ಅವ್ರೆ ನೋಡಿ,” ಎಂದು ಕೈ ತೋರಿಸಿದರು. ಗೇಟಿಗೆ ಹತ್ತಿರದ ಕಟ್ಟಡದ ಕೆಳಮಹಡಿಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ, ಒಳಗೆ ದೀಪ. ಏಳೆಂಟು ಮಂದಿ ಮಕ್ಕಳು. ನನ್ನ ಮಗಳು ಕುರ್ಚಿಯ ಮೇಲೆ ಹತ್ತಿ ನಿಂತು ಬೋರ್ಡಿನ ತುದಿಯಲ್ಲಿ ಬರೆಯುತ್ತಿದ್ದಳು. ಒಬ್ಬ ಏನೋ ಅಡ್ಡ ಮಾತನಾಡಿದ. ಇವಳು ಕುರ್ಚಿಯಿಂದಿಳಿದು, ಅವನು ತೋರಿಸಿದ ಸಾಲನ್ನು ಅಂಗೈಯಿಂದ ಒರೆಸಿ, ಮತ್ತೆ ಬರೆದು, ಸೊಂಟಕ್ಕೆ ಕೈಯಿಟ್ಟು ನಿಂತಳು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವಳೇ. ಗಾಜಿನಾಚೆಯ ಆ ನಗು ನನಗೆ ಕೇಳಿಸಲಿಲ್ಲ. ಊರಿನ ಕಾಲೇಜಿನ ಮೇಷ್ಟ್ರೊಬ್ಬರು, “ನಿಮ್ಮ ಮಗಳು ಆ ಸೆಕ್ಷನ್ನಲ್ಲಿದ್ಲಾ? ಗಮನಿಸಿರಲಿಲ್ಲ,” ಎಂದಿದ್ದರು. ಮನೆಯಲ್ಲೂ ಅವಳು ಗೋಡೆಗೆ ಒತ್ತಿಕೊಂಡೇ ಓಡಾಡುವ ಹುಡುಗಿ.

“ದಿನಾ ಇಷ್ಟೊತ್ತಿಗೇ ಶುರು ಆಗದು ಇವ್ರ ಜಗಳ. ಲೈಬ್ರರಿ ಮುಚ್ಚೋಗಂಟ ಮುಗಿಯಲ್ಲ,” ಎಂದು ಕಾವಲಿನವರು ನಕ್ಕರು. ಅವರ ಕಾವಲುಕೋಣೆಯ ಗೋಡೆಯ ಗಡಿಯಾರ ನೋಡಿದೆ. ಏಳಕ್ಕೆ ಹತ್ತು ನಿಮಿಷ.

ಅವಳನ್ನು ಕರೆಸಲಿಲ್ಲ. ಹೊರಗೆ ಬಂದು ಬಸ್ಸಿಗೆ ಕಾದೆ. ಒಂದು ಬಸ್ಸು ಬಂದು ನಿಂತು ಹೋಯಿತು, ಹತ್ತಲು ಮನಸ್ಸಾಗಲಿಲ್ಲ. ಹತ್ತಿದರೆ ಏನು ಹೇಳಲು ಹೋಗುತ್ತಿದ್ದೇನೆಂದು ನನಗೆ ಗೊತ್ತಿತ್ತು, ಅದನ್ನು ಇನ್ನೊಂದು ಹತ್ತು ನಿಮಿಷ ಮುಂದೂಡಬೇಕೆನಿಸಿತು. ಎರಡನೇ ಬಸ್ಸಿಗೆ ಹತ್ತಿದೆ.

ಒಡತಿ ಗೇಟಿನಲ್ಲೇ ಇದ್ದರು. “ಏನಂದ್ಲು ಉಡ್ಗಿ?”

“ಅವಳನ್ನ ಕೇಳಲಿಲ್ಲಮ್ಮ. ನಾನು ಇಲ್ಲೇ ಉಳ್ಕೋತೀನಿ.”

“ಯಾಕವ್ವಾ? ನನ್ ಮ್ಯಾಲೆ ನಂಬ್ಕೆ ಇಲ್ವಾ?”

“ಇದೆ. ನಂಬಿಕೆ ಪ್ರಶ್ನೆ ಅಲ್ಲ. ಅವಳಿಗೆ ಆರೂವರೆಗೆ ಬರೋಕಾಗಲ್ಲ. ಎಂಟೂವರೆ ಆಗತ್ತೆ, ಕೆಲವು ದಿನ ಒಂಬತ್ತು.”

“ಒಂಬತ್ತಾ! ಬೀದಿಯೋರ್ಗೆ ಯಾರ್ ಉತ್ರ ಏಳ್ತಾರೆ?”

“ನಾನು ಹೇಳ್ತೀನಿ. ಅಮ್ಮ ಮೇಲಿದ್ದಾಳೆ, ಅವಳಿಗೆ ಗೊತ್ತು ಅಂತ ನೀವೂ ಹೇಳಿ.” ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅದೇ ಉಸಿರಿನಲ್ಲಿ, “ತಿಂಗಳಿಗೆ ಎರಡು ದಿನ ನಾನು ಊರಿಗೆ ಹೋಗ್ಬೇಕು. ಕದ್ದು ಅಲ್ಲ, ಹೇಳಿ ಹೋಗ್ತೀನಿ. ಆ ಎರಡು ರಾತ್ರಿ ಅವಳು ನಿಮ್ಮ ಹತ್ರ ಮಲಗ್ತಾಳೆ,” ಎಂದೆ.

“ರಂಗೋಲಿ?”

“ಆ ಎರಡು ದಿನ ಇರಲ್ಲ.”

ಆಕೆ ಗೇಟಿನ ಮೇಲಿಂದ ಕೈ ತೆಗೆದರು. “ಎರಡು ಅಂದ್ರೆ ಎರಡೇಯ, ಕಾನ್ವೆಂಟಮ್ಮಾ,” ಎಂದು ಒಳಗೆ ಹೋದರು.

ಗಂಡನಿಗೆ ಫೋನು ಮಾಡಿದೆ. ಡಿಗ್ರಿ ಮುಗಿಯುವವರೆಗೂ ಹೀಗೇ ಎಂದಾಗ ಅವರು, “ಹಂಗಾದ್ರೆ ಸಾರಿನ ಪುಡಿ ಮಾಡೋದು ಹೇಳ್ಕೊಡು. ನೀನು ಮಾಡಿಟ್ಟಿದ್ದು ಮುಗೀತಾ ಬಂತು,” ಎಂದರು. ಕೊತ್ತಂಬರಿ ಬೀಜ ಎಷ್ಟು, ಮೆಣಸಿನಕಾಯಿ ಎಷ್ಟು ಎಂದು ಹೇಳುತ್ತ ಹೋದೆ. ಅವರು ಕನ್ನಡಕದ ರಸೀದಿ ಪುಸ್ತಕದ ಹಿಂದೆ ಬರೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು.

ಆಮೇಲೆ ಬೆಳಿಗ್ಗೆ ಬೇರೆ ಮಾಡಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ಒಂದೇ ಸಾಲಿಗೆ ಸೇರಿಸಿದೆ. ಅಳು ಬಂತು. ಸ್ವಲ್ಪ ಹೊತ್ತು ಅತ್ತೆ. ಬೇಳೆಗೆ ಒಗ್ಗರಣೆ ಕೊಟ್ಟೆ.

ಮಗಳು ಬಂದಾಗ ಒಂಬತ್ತಾಗಲು ಐದು ನಿಮಿಷ. “ಅಮ್ಮ, ಗೇಟಲ್ಲಿ ನಿಂತು ನಮ್ಮನ್ನೇ ನೋಡ್ತಿದ್ಯಂತೆ. ಯಾಕೆ ಕರೀಲಿಲ್ಲ?”

“ಬಸ್ಸು ಬಂದುಬಿಡ್ತು.”

ಅವಳು ಕೈ ತೊಳೆದು ತಟ್ಟೆಯ ಮುಂದೆ ಕೂತಳು. ಅಂಗೈಯಲ್ಲಿ ಬೋರ್ಡಿನ ನೀಲಿ ಮಸಿ ಇನ್ನೂ ಹೋಗಿರಲಿಲ್ಲ. ಎರಡು ತುತ್ತು ಉಂಡು, ನನ್ನ ಮುಖ ನೋಡದೆ, “ನಾಳೆಯಿಂದ ಇನ್ನೂ ಸ್ವಲ್ಪ ಲೇಟಾಗಬಹುದು. ನಾವೊಂದಷ್ಟು ಜನ ಸೇರಿ ಒಂದು ಪ್ರಾಬ್ಲಮ್ ಹಿಡ್ಕೊಂಡಿದೀವಿ,” ಎಂದು ಹೇಳಿ ಕಾದಳು. ನಾನೇನು ಕೇಳುತ್ತೇನೆಂದು ಅವಳ ಭುಜಗಳು ಆಗಲೇ ಬಿಗಿದುಕೊಂಡಿದ್ದವು.

ಏನು ಪ್ರಾಬ್ಲಮ್ಮು ಎಂದು ಕೇಳಿದೆ.

ಅವಳು ತಲೆ ಎತ್ತಿ ನೋಡಿದಳು. ಆಮೇಲೆ ಎಂಜಲು ಕೈಯಲ್ಲೇ ತಟ್ಟೆಯ ಅಂಚಿನಲ್ಲಿ ಬೇಳೆಯಿಂದ ಗೆರೆ ಎಳೆದು ವಿವರಿಸತೊಡಗಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಅನ್ನ ತಣ್ಣಗಾಗುತ್ತಿದೆ ಎಂದು ಹೇಳಲೂ ಇಲ್ಲ.